ಜೇಜುರಿಯ ಗಳಿಕೆಯನ್ನು ಅಳೆಯುವುದು ಹೇಗೆ?

ಪುಣೆಯಿಂದ ಆಗ್ನೇಯಕ್ಕೆ ಹೆಚ್ಚುಕಡಿಮೆ ಐವತ್ತು ಕಿಲೋಮೀಟರ್ ಹೋದರೆ ಪುರಂದರ ತಾಲ್ಲೂಕಿನ ಜೇಜುರಿ ಸಿಗುತ್ತದೆ. ಅಲ್ಲಿನ ಬೆಟ್ಟದ ಮೇಲಿರುವ ಖಂಡೋಬ ನಮಗೆ ಹೊರಗಿನವನಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ, ರಾಣೆಬೆನ್ನೂರಿನ ದೇವರಗುಡ್ಡ, ಬೆಳಗಾವಿ ಜಿಲ್ಲೆಯ ಮಂಗಸೂಳಿಗಳಲ್ಲಿ ನೆಲೆ ನಿಂತಿರುವ ಮೈಲಾರಲಿಂಗನೇ ಅವನು. ನಮ್ಮಲ್ಲಿ ‘ಏಳು ಕೋಟಿ’ ಎಂದು ಕೂಗಿದರೆ ಅಲ್ಲಿ ‘ಯೇಳಕೋಟ ಯೇಳಕೋಟ ಜಯ ಮಲ್ಹಾರ’ ಎನ್ನುತ್ತಾರೆ. ಮೀರಜ್ ಕಡೆಯಿಂದ ಪುಣೆಗೆ ಹೋಗುವ ರೈಲು ಜೇಜುರಿಯನ್ನು ಹಾದೇ ಹೋಗುವುದರಿಂದ ಗಡಿನಾಡಿನ ಒಕ್ಕಲು ಮಕ್ಕಳು ತಲೆಮಾರುಗಳಿಂದ ಅಲ್ಲಿಗೆ ಹರಕೆ ಒಪ್ಪಿಸಲು ಹೋಗುತ್ತಿದ್ದಾರೆ. ಸೋಮವತಿ ಅಮಾವಾಸ್ಯೆಯಂದು ದೇವರ ಪಲ್ಲಕ್ಕಿ ಕರ್ಹಾ ನದಿಗೆ ಇಳಿಯುವಾಗ ಭಕ್ತರು ಎರಚುವ ಭಂಡಾರದಿಂದ ಮೆಟ್ಟಿಲು, ದೀಪಮಾಲೆಯ ಕಂಬ, ಜನರ ತಲೆ, ಮಕ್ಕಳ ರೆಪ್ಪೆ ಎಲ್ಲವೂ ಅರಿಸಿನವಾಗುತ್ತವೆ. ಮರಾಠಿಗರು ಇದನ್ನು ಹೊನ್ನಿನ ಜೇಜುರಿ ಎಂದು ಕರೆಯುತ್ತಾರೆ.

ಈ ಊರಿನ ಸಿರಿಯನ್ನು ಅರ್ಥಶಾಸ್ತ್ರ ಅಳೆಯುವುದು ಹೇಗೆ ಎಂದು ನೋಡೋಣ. ಭಂಡಾರದ ಒಂದು ಪೊಟ್ಟಣವನ್ನೇ ತೆಗೆದುಕೊಳ್ಳಿ. ಸಾಂಗ್ಲಿ ಸೀಮೆಯ ರೈತ ಅರಿಸಿನ ಬೆಳೆದು, ಬೇಯಿಸಿ, ಒಣಗಿಸಿ ಮಾರಿದ್ದು ಎರಡು ರೂಪಾಯಿಗೆ ಎಂದಿಟ್ಟುಕೊಳ್ಳಿ. ಪಾಲಿಶ್ ಮಾಡಿ ಬೀಸಿದವನು ಅದನ್ನು ಐದಕ್ಕೆ ಮಾರಿದ, ಜೇಜುರಿಯ ಮೆಟ್ಟಿಲ ಬದಿಯ ಅಂಗಡಿಯವನು ಹತ್ತಕ್ಕೆ ಮಾರಿದ. ಒಟ್ಟು ದೇಶಿ ಉತ್ಪನ್ನ, ಅಂದರೆ ನಾವು ದಿನಾ ಕೇಳುವ ಜಿಡಿಪಿ, ಈ ಮೂರು ಮೊತ್ತಗಳನ್ನು ಕೂಡುವುದಿಲ್ಲ. ಪ್ರತಿ ಕೈಯಲ್ಲೂ ಹೊಸದಾಗಿ ಸೇರಿದ ಮೌಲ್ಯವನ್ನಷ್ಟೇ ಕೂಡುತ್ತದೆ. ಎರಡು, ಮೂರು, ಐದು ಸೇರಿ ಹತ್ತು. ದೇಶದ ಎಲ್ಲ ಹೊಲ, ಗಿರಣಿ, ಅಂಗಡಿ, ಕಚೇರಿಗಳಲ್ಲಿ ವರ್ಷವಿಡೀ ಹೀಗೆ ಸೇರಿದ ಮೌಲ್ಯದ ಮೊತ್ತವೇ ಜಿಡಿಪಿ. ಬೆಲೆ ಏರಿಕೆಯ ಪಾಲನ್ನು ಕಳೆದ ಮೇಲೆ ಹೋದ ವರ್ಷಕ್ಕಿಂತ ಈ ವರ್ಷ ಅದು ಎಷ್ಟು ಹೆಚ್ಚಿತು ಎಂಬುದೇ ಆರ್ಥಿಕ ಬೆಳವಣಿಗೆಯ ದರ. ಲೆಕ್ಕ ಅಚ್ಚುಕಟ್ಟಾಗಿದೆ. ಇದನ್ನು ಕಟ್ಟಿದವರ ಬುದ್ಧಿವಂತಿಕೆಗೆ ತಲೆಬಾಗಲೇಬೇಕು.

ಆದರೆ ಆ ಹತ್ತು ರೂಪಾಯಿ ಭಕ್ತನ ಜೇಬಿಗೆ ಎಲ್ಲಿಂದ ಬಂತೆಂದು ಜಿಡಿಪಿ ಕೇಳುವುದಿಲ್ಲ. ಬೆಳೆ ಚೆನ್ನಾಗಿ ಬಂದು ಕೈಯಲ್ಲಿ ಕಾಸು ಆಡುತ್ತಿದ್ದಾಗ ತೀರಿಸಿದ ಹರಕೆಯೂ, ಮಗುವಿನ ಕಾಯಿಲೆಗೆ ಬಡ್ಡಿಸಾಲ ತಂದು, ಅದರಲ್ಲೇ ಸ್ವಲ್ಪ ಮಿಗಿಸಿ ತೀರಿಸಿದ ಹರಕೆಯೂ ಅದಕ್ಕೆ ಒಂದೇ. ಬಾಡಿಗೆ ಜೀಪು, ಊಟದ ಖಾನಾವಳಿ, ಕೊಬ್ಬರಿ, ಭಂಡಾರ ಎಲ್ಲಕ್ಕೂ ದುಡ್ಡು ಕೈ ಬದಲಾಯಿತು, ಮೊತ್ತ ಏರಿತು. ಮಗು ಗುಣವಾಯಿತೇ, ಸಾಲ ಹರಿಯಿತೇ ಎಂಬುದನ್ನು ತಿಳಿಯಲು ಬೇರೆಯೇ ಅಳತೆ ಬೇಕು. ಅಭಿವೃದ್ಧಿ ಎಂದು ನಾವು ಹೇಳುವುದು ಆ ಎರಡನೆಯ ಅಳತೆಗೆ ಸಿಗುವ ಸಂಗತಿಯನ್ನು.

ನೀರಿನ ವಿಷಯದಲ್ಲಿ ಇದು ಇನ್ನೂ ನಿಚ್ಚಳವಾಗುತ್ತದೆ. ಪುರಂದರ ಮಳೆ ನೆರಳಿನ ಸೀಮೆ. ಜೇಜುರಿಯ ಬಳಿ ಕರ್ಹಾ ನದಿಗೆ ಕಟ್ಟಿದ ನಾಝರೆ ಅಣೆಕಟ್ಟಿಗೆ ಮಲ್ಹಾರ ಸಾಗರ ಎಂದು ದೇವರ ಹೆಸರೇ ಇದೆ. ಆದರೂ ಮಳೆ ಕೈಕೊಟ್ಟ ವರ್ಷ ಸುತ್ತಲ ಹಳ್ಳಿಗಳು ಟ್ಯಾಂಕರಿನ ದಾರಿ ಕಾಯುತ್ತವೆ. ಟ್ಯಾಂಕರ್ ಓಡಿದರೆ ಡೀಸೆಲ್, ಚಾಲಕನ ಕೂಲಿ, ಗುತ್ತಿಗೆದಾರನ ಲಾಭ ಎಲ್ಲವೂ ಜಿಡಿಪಿಗೆ ಸೇರುತ್ತವೆ. ಬರ ಬಿದ್ದಷ್ಟೂ ಟ್ಯಾಂಕರಿನ ವಹಿವಾಟು ಏರುತ್ತದೆ. ಕೊಡ ಹೊತ್ತು ಬಾವಿಗೆ ಹೋಗುವ ಹೆಂಗಸಿನ ದುಡಿಮೆಯ ಕಥೆಯೇ ಬೇರೆ. ದೇಶಗಳು ಲೆಕ್ಕ ಬರೆಯಲು ಅನುಸರಿಸುವ ವಿಶ್ವಸಂಸ್ಥೆಯ ಪದ್ಧತಿಯು 1993ರ ಪರಿಷ್ಕರಣೆಯಲ್ಲಿ ನೀರು ಹೊತ್ತು ತರುವುದನ್ನೂ ಉತ್ಪಾದನೆ ಎಂದೇ ಒಪ್ಪಿಕೊಂಡಿತು. ಆದರೆ ಅದೇ ನೀರಲ್ಲಿ ಅಡುಗೆ ಮಾಡಿ, ಮಕ್ಕಳಿಗೆ ಉಣಿಸಿ, ಮುದುಕರ ಮೈ ತೊಳೆಸುವ ಕೆಲಸವನ್ನು ಹೊರಗೇ ಉಳಿಸಿತು. ಒಂದೇ ಹೆಂಗಸು, ಒಂದೇ ಕೊಡ. ಹೊಸ್ತಿಲ ತನಕ ಅದು ಉತ್ಪಾದನೆ, ಹೊಸ್ತಿಲು ದಾಟಿದ ಮೇಲೆ ಅಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ. ಮನೆಗೆ ನಲ್ಲಿ ಬಂದರೆ ಹೆಂಗಸಿನ ದಿನದಲ್ಲಿ ಒಂದು ಗಂಟೆ ಉಳಿಯಬಹುದು. ಅವಳ ಬದುಕಿಗೆ ಅದಕ್ಕಿಂತ ದೊಡ್ಡ ಗಳಿಕೆ ಬೇರೆಯಿಲ್ಲ. ಜಿಡಿಪಿಯಲ್ಲಿ ಆ ಗಂಟೆಗೆ ಜಾಗವಿಲ್ಲ.

ಈ ಕೊರತೆಯನ್ನು ಈಗ ಯಾರೋ ಹೊಸದಾಗಿ ಕಂಡುಹಿಡಿದದ್ದಲ್ಲ. ದಾದಾಭಾಯಿ ನವರೋಜಿ 1867-68ರ ಸುಮಾರಿನ ಅಂಕಿಗಳನ್ನು ಹಿಡಿದು ಭಾರತೀಯನ ತಲಾ ಆದಾಯ ವರ್ಷಕ್ಕೆ ಇಪ್ಪತ್ತು ರೂಪಾಯಿ ಎಂದು ಲೆಕ್ಕ ಹಾಕಿದರು. ಅಲ್ಲಿಗೇ ನಿಲ್ಲಿಸಲಿಲ್ಲ, ಜೈಲಿನ ಕೈದಿಯ ಅನ್ನ-ಬಟ್ಟೆಗೆ ಸರ್ಕಾರ ಮಾಡುವ ಖರ್ಚಿನ ಪಕ್ಕದಲ್ಲಿ ಅದನ್ನಿಟ್ಟು ನೋಡಿದರು. ದುಡಿಯುವ ಪ್ರಜೆಗೆ ಕೈದಿಯಷ್ಟೂ ದಕ್ಕುತ್ತಿಲ್ಲ ಎಂಬುದು ಅವರ ವಾದ. ನಮ್ಮ ದೇಶದಲ್ಲಿ ಆದಾಯದ ಮೊದಲ ಲೆಕ್ಕವೇ ಹೊಟ್ಟೆ ತುಂಬಿತೇ ಎಂಬ ಪ್ರಶ್ನೆಯ ಜೊತೆ ಹುಟ್ಟಿತೆಂಬುದು ನನಗೆ ಹೆಮ್ಮೆಯ ಸಂಗತಿ. ಅಮೆರಿಕದಲ್ಲಿ ಸೈಮನ್ ಕುಜ್ನೆಟ್ಸ್ 1934ರಲ್ಲಿ ಸಂಸತ್ತಿಗೆ ಮೊದಲ ರಾಷ್ಟ್ರೀಯ ಆದಾಯ ವರದಿ ಒಪ್ಪಿಸುವಾಗಲೇ, ಈ ಅಂಕಿಯಿಂದ ಜನರ ಕ್ಷೇಮವನ್ನು ತೀರ್ಮಾನಿಸಲಾಗದು ಎಂದು ಅದರಲ್ಲೇ ಎಚ್ಚರಿಸಿದ್ದರು. ಸ್ವತಂತ್ರ ಭಾರತ 1949ರಲ್ಲಿ ನೇಮಿಸಿದ ರಾಷ್ಟ್ರೀಯ ಆದಾಯ ಸಮಿತಿಗೆ ಸಲಹೆ ಕೊಟ್ಟವರಲ್ಲಿ ಅದೇ ಕುಜ್ನೆಟ್ಸ್ ಇದ್ದರು. ಪಿ.ಸಿ. ಮಹಲನೋಬಿಸ್ ಅಧ್ಯಕ್ಷರು, ಸದಸ್ಯರು ಇಬ್ಬರು: ಪುಣೆಯ ಗೋಖಲೆ ಸಂಸ್ಥೆಯ ಡಿ.ಆರ್. ಗಾಡ್ಗೀಳ್ ಮತ್ತು ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಕಟ್ಟಿದ ವಿ.ಕೆ.ಆರ್.ವಿ. ರಾವ್. ಗೋಖಲೆ ಸಂಸ್ಥೆಯಲ್ಲೇ ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ 1971ರಲ್ಲಿ ಭಾರತದ ಬಡತನದ ಅಧ್ಯಯನ ಹೊರತಂದರು. ದಿನಕ್ಕೆ 2,250 ಕ್ಯಾಲರಿ ಉಣ್ಣಲು 1960-61ರ ಬೆಲೆಯಲ್ಲಿ ಹಳ್ಳಿಯವನಿಗೆ ತಿಂಗಳಿಗೆ 15 ರೂಪಾಯಿ, ಪಟ್ಟಣದವನಿಗೆ 22.50 ರೂಪಾಯಿ ಬೇಕು ಎಂದು ಲೆಕ್ಕ ಕಟ್ಟಿ, ಹಳ್ಳಿಗರಲ್ಲಿ ಶೇ 40, ಪಟ್ಟಣಿಗರಲ್ಲಿ ಶೇ 50 ಮಂದಿಗೆ ಅಷ್ಟೂ ಇಲ್ಲವೆಂದು ತೋರಿಸಿದರು. ಜೇಜುರಿಯಿಂದ ಎರಡು ತಾಸಿನ ದಾರಿಯಲ್ಲಿ ನಡೆದ ಕೆಲಸ ಅದು.

ಹಾಗಾದರೆ ಜೇಜುರಿಯ ಜಿಡಿಪಿ ಎಷ್ಟು? ಅಂಥ ಅಂಕಿಯೇ ಇಲ್ಲ. ರಾಷ್ಟ್ರಕ್ಕಿದೆ, ರಾಜ್ಯಕ್ಕಿದೆ. ಜಿಲ್ಲೆಗೂ ಒಂದು ಅಂದಾಜು ಇದೆ. ಬೆಳೆ, ಹಾಲು, ಮೊಟ್ಟೆಗಳ ಲೆಕ್ಕವನ್ನು ಜಿಲ್ಲೆಯಿಂದಲೇ ಕಟ್ಟಬಹುದು. ರೈಲ್ವೆ, ಬ್ಯಾಂಕು, ವಿಮೆಯಂಥ ಬಾಬತ್ತುಗಳಲ್ಲಿ ಮಾತ್ರ ರಾಜ್ಯದ ಒಟ್ಟು ಮೊತ್ತವನ್ನು ಕೆಲಸಗಾರರ ಸಂಖ್ಯೆಯಂಥ ಯಾವುದಾದರೂ ಅಳತೆಯ ಮೇಲೆ ಜಿಲ್ಲೆಗಳಿಗೆ ಹಂಚುತ್ತಾರೆ. ಪುಣೆ ಜಿಲ್ಲೆಯ ತಲಾ ಆದಾಯ ಎಂದರೆ ಹಿಂಜೇವಾಡಿಯ ಸಾಫ್ಟ್‌ವೇರ್, ಚಾಕಣದ ಕಾರು ಕಾರ್ಖಾನೆ, ಪುರಂದರದ ಒಣಹೊಲ ಮೂರನ್ನೂ ಕೂಡಿಸಿ ಭಾಗಿಸಿದ್ದು. ಜೇಜುರಿಯಲ್ಲೂ ಕೈಗಾರಿಕಾ ವಸಾಹತು ಇದೆ, ಉಕ್ಕಿನ ಕಾರ್ಖಾನೆ ಇದೆ. ನಮ್ಮ ಕೊಪ್ಪಳದ ಬಳಿ ಬೀಡುಕಬ್ಬಿಣ ಮಾಡುವ ಕಿರ್ಲೋಸ್ಕರ್ ಫೆರಸ್ ಕಂಪನಿಯೇ 2022ರಲ್ಲಿ ಅದನ್ನು ತನ್ನದಾಗಿಸಿಕೊಂಡಿತು. ಕಾರ್ಖಾನೆ ಬಂದಾಗ ಊರಿನ ಹುಡುಗರಿಗೆ ತಿಂಗಳ ಸಂಬಳ ಬರುತ್ತದೆ, ಅಂಗಡಿಗಳಿಗೆ ಗಿರಾಕಿ ಬರುತ್ತಾರೆ. ಬೆಳವಣಿಗೆಯನ್ನು ಹಗುರವಾಗಿ ಮಾತಾಡುವವರ ಜೊತೆ ನಾನಿಲ್ಲ. ತೆರಿಗೆ ಬಾರದಿದ್ದರೆ ಶಾಲೆಯ ಮೇಷ್ಟರಿಗೆ, ಆಸ್ಪತ್ರೆಯ ಔಷಧಕ್ಕೆ ಸರ್ಕಾರ ದುಡ್ಡು ತರುವುದಾದರೂ ಎಲ್ಲಿಂದ? ಆದರೆ ಸಂಬಳದ ಮನೆ ಯಾವುದು, ಸಂಬಳವಿಲ್ಲದ ಮನೆ ಯಾವುದು ಎಂದು ಸರಾಸರಿಯಿಂದ ತಿಳಿಯುವುದಿಲ್ಲ.

ಸಂಬಳವಿಲ್ಲದ ಮನೆಗಳನ್ನು ಕಾಣಬೇಕಾದರೆ ಪುಷ್ಯ ಹುಣ್ಣಿಮೆಗೆ ಜೇಜುರಿಯಲ್ಲಿ ಸೇರುವ ಕತ್ತೆ ಸಂತೆಗೆ ಹೋಗಬೇಕು. ಮಹಾರಾಷ್ಟ್ರದ ನಾನಾ ಕಡೆಯಿಂದ, ಸುತ್ತಲಿನ ರಾಜ್ಯಗಳಿಂದ ವೈದು, ಕೈಕಾಡಿ, ಬೇಲ್ದಾರ, ವಡ್ಡರ, ಕುಂಬಾರ ಕುಟುಂಬಗಳು ಬಯಲಲ್ಲಿ ಬಿಡಾರ ಹೂಡುತ್ತವೆ. ಕಾಠಿಯಾವಾಡದ ಎತ್ತರದ ಕತ್ತೆಗಳಿಗೆ ಇಲ್ಲಿ ಒಳ್ಳೆಯ ಬೆಲೆ. ಕೊಳ್ಳುವವನು ಕತ್ತೆಯ ತುಟಿ ಎತ್ತಿ ಹಲ್ಲು ನೋಡುತ್ತಾನೆ, ಎರಡು ಹಲ್ಲಿನದೋ ನಾಲ್ಕು ಹಲ್ಲಿನದೋ ಬಾಯಿಗೂಡಿದ್ದೋ ಎಂದು ತಿಳಿದು, ಬೆನ್ನು ಒತ್ತಿ, ಕಾಲು ಎತ್ತಿಸಿ, ಆಮೇಲೆ ಚೌಕಾಸಿಗೆ ಇಳಿಯುತ್ತಾನೆ. ಇಟ್ಟಿಗೆ ಗೂಡಿಗೆ ಮಣ್ಣು, ಕಟ್ಟಡಕ್ಕೆ ಮರಳು, ರಸ್ತೆಯಿಲ್ಲದ ಬೆಟ್ಟಕ್ಕೆ ಕಲ್ಲು ಹೊತ್ತದ್ದು ಈ ಪ್ರಾಣಿ. ಈ ಜನ ಹೊತ್ತು ತಂದ ಮಣ್ಣು-ಕಲ್ಲಿನಿಂದಲೇ ದಖ್ಖಣದ ಎಷ್ಟೋ ಕೆರೆ ಏರಿಗಳೂ ಗೋಡೆಗಳೂ ಎದ್ದಿವೆ.

ಸಂತೆ ವರ್ಷ ವರ್ಷ ಸಣ್ಣದಾಗುತ್ತಿದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 3.2 ಲಕ್ಷ ಕತ್ತೆಗಳಿದ್ದವು. 2019ರ ಗಣತಿಗೆ ಉಳಿದದ್ದು 1.2 ಲಕ್ಷ. ಕತ್ತೆಯ ಜಾಗಕ್ಕೆ ಟ್ರ್ಯಾಕ್ಟರ್, ಟಿಪ್ಪರ್, ಜೆಸಿಬಿ ಬಂದವು. ಬೆಳವಣಿಗೆಯ ಲೆಕ್ಕದಲ್ಲಿ ಇದು ಎಲ್ಲ ರೀತಿಯಿಂದಲೂ ಜಮೆ: ಯಂತ್ರ ಮಾರಾಟವಾಯಿತು, ಕೆಲಸ ಬೇಗ ಮುಗಿಯಿತು, ಉತ್ಪಾದಕತೆ ಏರಿತು. ಮನುಷ್ಯನ ಬೆನ್ನೂ ಪ್ರಾಣಿಯ ಬೆನ್ನೂ ಹಗುರಾಗುವುದು ಒಳ್ಳೆಯದೇ. ಕತ್ತೆ ಮಾರಿದ ಆ ಕುಟುಂಬ ಮುಂದೆ ಏನಾಯಿತು ಎಂಬುದು ಅಭಿವೃದ್ಧಿಯ ಪ್ರಶ್ನೆ. ಮಗ ಅದೇ ಜೆಸಿಬಿಯ ಚಾಲಕನಾಗಿದ್ದರೆ, ಮಗಳು ಒಂದೇ ಊರಿನ ಶಾಲೆಯಲ್ಲಿ ಹತ್ತು ವರ್ಷ ಓದಿದ್ದರೆ, ಅಲೆಯುವ ಬಿಡಾರ ಕಾಯಂ ವಿಳಾಸವಾಗಿ ಪಡಿತರ ಚೀಟಿ, ಜಾತಿ ಪ್ರಮಾಣಪತ್ರ ಕೈಗೆ ಬಂದಿದ್ದರೆ ಆಗ ಯಂತ್ರ ಆ ಮನೆಗೂ ಏಳಿಗೆ ತಂದಂತೆ. ಕತ್ತೆಯೂ ಹೋಗಿ ಕೆಲಸವೂ ಹೋಗಿ ನಗರದ ಸೇತುವೆ ಕೆಳಗೆ ಟಾರ್ಪಾಲಿನ್ ಕಟ್ಟಿಕೊಂಡಿದ್ದರೆ ಅದೇ ಯಂತ್ರ ಆ ಮನೆಗೆ ನಷ್ಟ. ಎರಡು ಕಥೆಗಳಿಗೂ ಜಿಡಿಪಿಯಲ್ಲಿ ಬೀಳುವ ಅಂಕಿ ಒಂದೇ ಆಗಿರಬಹುದು. ಬೆಳವಣಿಗೆಯನ್ನೂ ಅಭಿವೃದ್ಧಿಯನ್ನೂ ಬೇರೆ ಬೇರೆ ಅಳೆಯಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ನನಗೆ ಕಾಣುವುದಿಲ್ಲ.

ಜೇಜುರಿಯ ಇನ್ನೊಂದು ನೋವನ್ನು ಇಲ್ಲಿ ಹೇಳದಿದ್ದರೆ ಮಾತು ಅರೆಯಾಗುತ್ತದೆ. ಹರಕೆಯ ಹೆಸರಲ್ಲಿ ಹೆಣ್ಣುಮಕ್ಕಳನ್ನು ಖಂಡೋಬನಿಗೆ ಬಿಟ್ಟು ‘ಮುರಳಿ’ಯರನ್ನಾಗಿಸುವ ಪದ್ಧತಿ ಅಲ್ಲಿತ್ತು. ನಮ್ಮ ಎಲ್ಲಮ್ಮನ ಗುಡ್ಡದ ದೇವದಾಸಿಯರ ಕಥೆಯೂ ಅದೇ. ಪುಣೆಯ ದಲಿತ ನಾಯಕ ಶಿವರಾಮ ಜಾನಬಾ ಕಾಂಬಳೆ 1908ರಲ್ಲಿ ‘ಸೋಮವಂಶೀಯ ಮಿತ್ರ’ ಪತ್ರಿಕೆ ಆರಂಭಿಸಿ ಇದರ ವಿರುದ್ಧ ಬರೆದರು, ಹೋರಾಡಿದರು. ಅದೇ ಕಾಲಕ್ಕೆ ಈ ಪದ್ಧತಿ ಅಳಿಸಲು ಶ್ರಮಿಸಿದವರು ವಿಠ್ಠಲ ರಾಮಜಿ ಶಿಂದೆ. ಅವರು ಹುಟ್ಟಿದ್ದು 1873ರಲ್ಲಿ, ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಜಮಖಂಡಿಯಲ್ಲಿ. ಮುರಳಿಯ ಹಾಡಿಗೆ ಜನ ಕೊಟ್ಟ ಕಾಸು ಜಿಡಿಪಿಯ ಭಾಷೆಯಲ್ಲಿ ಸೇವಾ ವಲಯದ ಆದಾಯ. ಒಬ್ಬ ಹುಡುಗಿಯನ್ನು ಬಿಟ್ಟಾಗ ಮೊತ್ತ ಏರುತ್ತಿತ್ತು, ಆಕೆ ಬಿಡುಗಡೆಯಾಗಿ ಶಾಲೆಗೆ ಹೋದರೆ ಇಳಿಯುತ್ತಿತ್ತು. ಕರ್ನಾಟಕ 1982ರಲ್ಲಿ, ಮಹಾರಾಷ್ಟ್ರ 2005ರಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಕಾನೂನು ಮಾಡಿದಾಗ ಅದರ ಲಾಭವನ್ನು ರೂಪಾಯಿಯಲ್ಲಿ ಅಳೆಯುವ ಬಗೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಹೊಸದಾಗಿ ಮದುವೆಯಾದ ಜೋಡಿಗಳು ಜೇಜುರಿಗೆ ಬರುತ್ತಾರೆ, ಗಂಡ ಹೆಂಡತಿಯನ್ನು ಎತ್ತಿಕೊಂಡು ಕೆಲವು ಮೆಟ್ಟಿಲು ಹತ್ತುವುದು ಅಲ್ಲಿನ ರೂಢಿ. ಆ ಮದುಮಗಳ ವಯಸ್ಸೆಷ್ಟು ಎಂಬುದೇ ಒಂದು ಅಳತೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಸರಿಸುಮಾರು ಐವರಿಗೆ ಒಬ್ಬರು. ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡುತ್ತದೆ. ಮಹಾರಾಷ್ಟ್ರದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 2001ರಲ್ಲಿ 913 ಹೆಣ್ಣುಮಕ್ಕಳಿದ್ದರು, 2011ಕ್ಕೆ 894. ಅದು ದೇಶದ ಆರ್ಥಿಕತೆ ಭರದಿಂದ ಬೆಳೆದ ದಶಕ. ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ತಿಳಿಯಲು ಸ್ಕ್ಯಾನಿಂಗ್ ಯಂತ್ರ ಕೊಂಡದ್ದೂ ಪರೀಕ್ಷೆಗೆ ಕೊಟ್ಟ ಶುಲ್ಕವೂ ಆ ಬೆಳವಣಿಗೆಯ ಪಾಲೇ. ಅದೇ ಹತ್ತು ವರ್ಷದಲ್ಲಿ ಕರ್ನಾಟಕದ ಅಂಕಿ 946ರಿಂದ 948ಕ್ಕೆ ಬಂತು. ಏರಿಕೆ ಸಣ್ಣದು. ಆದರೂ ಸಿರಿವಂತ ನೆರೆಮನೆಯಲ್ಲಿ ಕುಸಿಯುತ್ತಿದ್ದಾಗ ಇಲ್ಲಿ ಕುಸಿಯಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಪುರಂದರದಲ್ಲಿ ಈಗ ಬಿಸಿ ಏರಿರುವುದು ವಿಮಾನ ನಿಲ್ದಾಣದ ಮಾತಿಗೆ. ಏಳು ಹಳ್ಳಿಗಳ ಜಮೀನು ಬೇಕೆಂಬ ಯೋಜನೆಗೆ ರೈತರು ಬೀದಿಗಿಳಿದು ವಿರೋಧ ತೋರಿದ್ದಾರೆ. ಜೋತಿಬಾ ಫುಲೆ ಕುಟುಂಬದ ನಂಟಿರುವ ಖಾನವಡಿಯೂ ಆ ಏಳರಲ್ಲಿ ಒಂದು. ಪುರಂದರ ಅಂಜೂರಕ್ಕೆ, ಸೀತಾಫಲಕ್ಕೆ ಹೆಸರಾದ ನೆಲ. ನಿಲ್ದಾಣ ಕಟ್ಟಲು ಹೂಡಿದ ಪ್ರತಿ ರೂಪಾಯಿ ಆಯಾ ವರ್ಷದ ಜಿಡಿಪಿಗೆ ಬಂಡವಾಳ ಹೂಡಿಕೆಯಾಗಿ ಸೇರುತ್ತದೆ. ರೈತನಿಗೆ ಕೊಟ್ಟ ಪರಿಹಾರ ಸೇರುವುದಿಲ್ಲ. ಅದು ಬರೀ ಕೈ ಬದಲಾದ ಆಸ್ತಿ. ನಿಂತುಹೋದ ತೋಟದ ಫಸಲು ಸಣ್ಣ ಮೊತ್ತವಾಗಿ ಕಳೆಯುತ್ತದೆ. ಕೂಡಿ ಕಳೆದರೆ ಭಾರಿ ಲಾಭವೇ ಕಾಣುತ್ತದೆ. ತೋಟದಲ್ಲಿ ತನ್ನ ಕೆಲಸದ ಒಡತಿಯಾಗಿದ್ದ ಹೆಂಗಸು ಪರಿಹಾರದ ಹಣ ಕರಗಿದ ಮೇಲೆ ಯಾವ ಕೆಲಸದಲ್ಲಿರುತ್ತಾಳೆ, ಭೂಮಿಯಿಲ್ಲದೆ ಆ ತೋಟದಲ್ಲಿ ಕೂಲಿ ಮಾಡುತ್ತಿದ್ದವನಿಗೆ ಪರಿಹಾರದಲ್ಲಿ ಪಾಲು ಇತ್ತೇ ಎಂಬುದನ್ನು ಯೋಜನೆಯ ಲಾಭ-ನಷ್ಟದ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿ ಬರೆಯಬೇಕು. ಬೆಂಗಳೂರಿನ ದೇವನಹಳ್ಳಿ ಸುತ್ತಲಿನ ಕುಟುಂಬಗಳನ್ನು ಕೇಳಿದರೆ ಇದಕ್ಕೆ ಎರಡೂ ಬಗೆಯ ಉತ್ತರ ಸಿಗುತ್ತದೆ.

ಬೇರೆ ಅಳತೆಗಳು ಇಲ್ಲವೆಂದಲ್ಲ. ಪಾಕಿಸ್ತಾನದ ಮೆಹಬೂಬ್ ಉಲ್ ಹಕ್, ಅಮರ್ತ್ಯ ಸೇನ್ ಅವರ ಚಿಂತನೆಯ ನೆರವಿನಿಂದ, 1990ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ ಮಾನವ ಅಭಿವೃದ್ಧಿ ಸೂಚ್ಯಂಕ ತಂದರು. ಆಯುಸ್ಸು, ಓದು, ಆದಾಯ ಮೂರನ್ನೂ ಅದು ಒಟ್ಟಿಗೆ ತೂಗುತ್ತದೆ. ಆರ್ಥಿಕತೆಯ ಗಾತ್ರದಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ಭಾರತ 2025ರ ವರದಿಯಲ್ಲಿ 193 ದೇಶಗಳ ಪೈಕಿ 130ನೆಯ ಸ್ಥಾನದಲ್ಲಿದೆ. ನೀತಿ ಆಯೋಗದ ಬಹು ಆಯಾಮದ ಬಡತನದ ಲೆಕ್ಕದಲ್ಲಿ 2015-16ರಲ್ಲಿ ಶೇ 24.85 ಇದ್ದ ಬಡವರ ಪಾಲು 2019-21ಕ್ಕೆ ಶೇ 14.96ಕ್ಕೆ ಇಳಿದಿದೆ. ಇದು ನಿಜವಾದ ಏಳಿಗೆ, ಸಂತೋಷದಿಂದ ಒಪ್ಪಬೇಕು. ಆದರೆ ಆ ಲೆಕ್ಕಕ್ಕೆ ಸೇರುವ ಬ್ಯಾಂಕ್ ಖಾತೆ ತೆರೆಸುವುದು, ಶೌಚಾಲಯ ಕಟ್ಟಿಸುವುದು ಬೇಗ ಆಗುವ ಕೆಲಸಗಳು. ಮಗುವಿನ ಎತ್ತರ ಹೆಚ್ಚಿಸುವುದು ಹಾಗಲ್ಲ. ಅದೇ ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಕರ್ನಾಟಕದಲ್ಲಿ ಶೇ 35.4, ಮಹಾರಾಷ್ಟ್ರದಲ್ಲಿ ಶೇ 35.2. ಕೇರಳದಲ್ಲಿ ಶೇ 23.4. ಎರಡು ಶ್ರೀಮಂತ ರಾಜ್ಯಗಳು ಮೂರರಲ್ಲಿ ಒಂದು ಮಗುವನ್ನು ಬೆಳೆಯಗೊಡುತ್ತಿಲ್ಲ.

ಊರಿನ ಮಟ್ಟಕ್ಕೆ ಇಳಿದು ನೋಡುವ ಕೆಲಸದಲ್ಲಿ ಕರ್ನಾಟಕ ಒಂದು ಹೆಜ್ಜೆ ಮುಂದೆಯೇ ಇತ್ತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಜಿಲ್ಲೆಯ ಸರಾಸರಿಗೆ ತೃಪ್ತಿಪಡದೆ ಅಂದಿನ 175 ತಾಲ್ಲೂಕುಗಳನ್ನೂ 35 ಸೂಚಕಗಳ ಮೇಲೆ ತೂಗಿ ನೋಡಿ 114 ಹಿಂದುಳಿದಿವೆ ಎಂದಿತು. ಅತಿ ಹಿಂದುಳಿದ 39ರಲ್ಲಿ 21 ಗುಲ್ಬರ್ಗ ವಿಭಾಗದವು. ಮಹಾರಾಷ್ಟ್ರದಲ್ಲಿ ದಾಂಡೇಕರ್ ನೇತೃತ್ವದ ಸಮಿತಿ 1984ರಲ್ಲೇ ರಸ್ತೆ, ನೀರಾವರಿ, ಶಾಲೆ, ಆಸ್ಪತ್ರೆಗಳಲ್ಲಿ ಹಿಂದೆ ಬಿದ್ದ ಜಿಲ್ಲೆಗಳಿಗೆ ಸಲ್ಲಬೇಕಾದ ಬಾಕಿಯನ್ನು 3,186 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತ್ತು. ಆದರೆ ಜಿಲ್ಲೆಯನ್ನೇ ಘಟಕವಾಗಿ ಹಿಡಿದರೆ ಪುಣೆಯಂಥ ಮುಂದುವರಿದ ಜಿಲ್ಲೆಯೊಳಗಿನ ಪುರಂದರದ ಒಣ ಹಳ್ಳಿಗಳು ಬಾಕಿಯ ಪಟ್ಟಿಯಿಂದ ತಪ್ಪಿಹೋಗುತ್ತವೆ. ನಂಜುಂಡಪ್ಪನವರ ತಾಲ್ಲೂಕಿನ ಲೆಕ್ಕದ ಬೆಲೆ ಇರುವುದು ಅಲ್ಲಿ. ಕರ್ನಾಟಕ 2015ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಾನವ ಅಭಿವೃದ್ಧಿ ಸೂಚ್ಯಂಕ ಕಟ್ಟಿತು. ಅಂಥ ಲೆಕ್ಕವನ್ನು ಐದೈದು ವರ್ಷಕ್ಕೆ ತಪ್ಪದೆ ಮಾಡಿ, ಜಿಡಿಪಿಯ ಅಂಕಿ ಹೊರಬಿದ್ದ ದಿನವೇ ಅದನ್ನೂ ಪಂಚಾಯಿತಿ ಗೋಡೆಗೆ ಅಂಟಿಸಬೇಕೆಂಬುದು ನನ್ನ ಬೇಡಿಕೆ.

ಸದ್ಯಕ್ಕೆ ಊರು, ವಾರ್ಡು ಮಟ್ಟದ ಪೂರ್ಣ ಚಿತ್ರ ನಮ್ಮ ಬಳಿ ಇರುವುದು 2011ರ ಜನಗಣತಿಯದು ಮಾತ್ರ. 2021ರ ಗಣತಿ ನಡೆಯಲೇ ಇಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1 ಗೊತ್ತಾಗಿದೆ, ಮನೆ ಪಟ್ಟಿ ಮಾಡುವ ಕೆಲಸಕ್ಕೆ 2026. ಮನೆ ಪಟ್ಟಿಯಲ್ಲಿ ಕುಡಿಯುವ ನೀರಿನ ಬಗ್ಗೆ ಕೇಳುವ ಪ್ರಶ್ನೆ ಸರಳವಾದದ್ದು: ನೀರಿನ ಮೂಲ ಮನೆಯಂಗಳದಲ್ಲಿದೆಯೋ, ಹತ್ತಿರವಿದೆಯೋ, ದೂರವೋ? ಅಡುಗೆಯ ಒಲೆ ಯಾವುದು, ಶೌಚಾಲಯ ಇದೆಯೇ ಎಂದೂ ಕೇಳುತ್ತಾರೆ. ಆ ಅಂಕಿಗಳು ಹೊರಬಂದಾಗ ಜೇಜುರಿ ಪುರಸಭೆಯ ವಾರ್ಡುಗಳಲ್ಲೂ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲೂ ‘ದೂರ’ ಎಂಬ ಖಾನೆಯಲ್ಲಿ ಎಷ್ಟು ಮನೆಗಳಿವೆ ಎಂದು ನಾನು ಮೊದಲು ನೋಡುತ್ತೇನೆ. ಎರಡನೆಯದಾಗಿ ಆರು ವರ್ಷದೊಳಗಿನ ಹೆಣ್ಣುಮಕ್ಕಳ ಸಂಖ್ಯೆ.